ಗುಮ್ಮಟದ ಬಾಗಿಲಲ್ಲಿ ನರ್ಸಮ್ಮ

ಹೆಗ್ಗಡದೇವನಕೋಟೆಯ ನಿವೃತ್ತ ನರ್ಸಮ್ಮ ಲಕ್ಷ್ಮಿದೇವಿಗೆ ಎದುರು ಸಿಕ್ಕವರ ನಾಡಿ ಹಿಡಿಯದಿದ್ದರೆ ಮಾತೇ ಹೊರಡದು. ಹಸೆಮಣೆ ಏರಿದ ಮದುಮಗನ ಕೈಯನ್ನೂ ಬಿಟ್ಟವರಲ್ಲ. ಇಟಲಿ ಪ್ರವಾಸದಲ್ಲೂ ಹಳೆಯ ಚರ್ಚಿನ ಗುಮ್ಮಟದ ಬಾಗಿಲಲ್ಲಿ ನಿಂತು ಜೊತೆಗೆ ಬಂದವರನ್ನೆಲ್ಲ ತಡೆದು ಒಬ್ಬೊಬ್ಬರ ನಾಡಿ ಹಿಡಿದರು. "ನೀವು ಹತ್ತಿ" ಎಂದರು ಒಬ್ಬರಿಗೆ. "ನಿಮ್ಗೆ ಬ್ಯಾಡ ಕಣ್ರೀ, ಬಿ.ಪಿ. ಐತೆ" ಎಂದರು ಇನ್ನೊಬ್ಬರಿಗೆ. ನಾನೂರಕ್ಕೂ ಹೆಚ್ಚು ಇಕ್ಕಟ್ಟಾದ ಮೆಟ್ಟಿಲು, ಅರ್ಧದಲ್ಲಿ ಹಿಂದಿರುಗುವಂತಿಲ್ಲ ಎಂದು ಗೈಡ್ ಎಚ್ಚರಿಸಿದ್ದ. ಬಾಗಿಲು ಮುಚ್ಚಲು ಐದೇ ನಿಮಿಷವಿತ್ತು. "ನಿಂದು ನೋಡ್ಕಂಡ್ಯಾ?" ಎಂದರು ಗಂಡ ದೇವಯ್ಯ. ಲಕ್ಷ್ಮಿದೇವಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ತಿಂಗಳಿಂದ ಎದೆ ತಪ್ಪಿ ತಪ್ಪಿ ಬಡಿಯುತ್ತಿತ್ತು. ಪ್ರವಾಸ ನಿಂತುಹೋದೀತೆಂದು ಯಾರಿಗೂ ಹೇಳಿರಲಿಲ್ಲ. "ನೀವು ಹೋಗ್ಬನ್ನಿ, ಬ್ಯಾಗ್ ನೋಡ್ಕತೀನಿ." ದೇವಯ್ಯ ಹತ್ತಲಿಲ್ಲ. ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಮುಂಗೈ ಹಿಡಿದರು. "ಎಲ್ಲಿ ಒತ್ಬೇಕು, ತೋರ್ಸು." ಲಕ್ಷ್ಮಿದೇವಿ ಗಂಡನ ಒರಟು ಬೆರಳನ್ನು ಮೆಲ್ಲನೆ ಸರಿಯಾದ ಜಾಗಕ್ಕೆ ಸರಿಸಿದರು.