ಖಿಚಡಿಯಾದ ಮಣಿಗಳು

ನಂದಿನಿ, ನಿನ್ನ ಮೊದಲ ಪ್ರಯೋಗ ಕೆಡಲಿಲ್ಲ — ಅದನ್ನು ನಾನು ಒಗ್ಗರಣೆ ಹಾಕಿ ಮನೆಮಂದಿಗೆಲ್ಲ ಬಡಿಸಿಬಿಟ್ಟೆ. ಅದೂ ಏಕಾದಶಿಯ ದಿನ!

ನೀನಾಗ ಎಂ.ಎಸ್ಸಿ. ಓದುತ್ತಿದ್ದೆ. ಮೂಲಂಗಿ ರಸದ ಕಿಣ್ವವನ್ನು ಜೆಲ್ಲಿಯಂಥ ಸಣ್ಣ ಮಣಿಗಳಲ್ಲಿ ಸೆರೆಹಿಡಿದು, ನೂಲಿಗೆ ಬಣ್ಣ ಹಾಕಿ ಹಳ್ಳಕ್ಕೆ ಬಿಡುವ ನೀರನ್ನು ತಿಳಿ ಮಾಡುತ್ತೇನೆ ಎಂದು ಹೊತ್ತುಗೊತ್ತಿಲ್ಲದೆ ಅದನ್ನೇ ಹೇಳುತ್ತಿದ್ದೆ. ಆ ಮಣಿಗಳ ಸ್ಟೀಲ್ ಡಬ್ಬಿ ಇಂಡಿ ಊರಿನ ನಮ್ಮ ಮನೆಯ ಫ್ರಿಜ್ಜಿನಲ್ಲಿತ್ತು. ಪಕ್ಕದಲ್ಲೇ ನಾನು ನೆನೆಸಿಟ್ಟ ಸಾಬೂದಾಣಿಯ, ಅದೇ ಸಬ್ಬಕ್ಕಿಯ, ಡಬ್ಬಿ. ನಿನ್ನ ಅತ್ತಿಗೆಯಾದ ನಾನೋ ಅವಸರದವಳು. ಶೇಂಗಾಪುಡಿ, ಹಸಿಮೆಣಸಿನಕಾಯಿ ಹಾಕಿ ಖಿಚಡಿ ಮಾಡಿಯೇಬಿಟ್ಟೆ. ನೀನು ಗೆಳತಿಯ ಮನೆಗೆ ಹೋಗಿದ್ದೆ. ಏಕಾದಶಿಗೆ ಮೂಲಂಗಿ ಕಣ್ಣಲ್ಲೂ ನೋಡದ ಮಾವ — ನಿನ್ನ ಅಪ್ಪ — ಎರಡನೇ ಸಲ ಹಾಕಿಸಿಕೊಂಡರು.

"ಇವತ್ತಿನ ಖಿಚಡಿ ಭಾಳ ಚಲೋ ಆಗೇತಿ ನೋಡವಾ. ಒಂದಕ್ಕೊಂದು ಅಂಟೇ ಇಲ್ಲ."

ಆಮೇಲೆ ಫ್ರಿಜ್ಜು ತೆರೆದರೆ ಸಾಬೂದಾಣಿ ಹಾಗೇ ಇದೆ! ಬಾಣಲೆಯಲ್ಲಿ ಬೆಂದದ್ದು ನಿನ್ನ ಮಣಿಗಳು. ಹೇಳಬಹುದಿತ್ತು. ಮಾವ ನೊಂದುಕೊಂಡಾರೆಂದು — ಇಲ್ಲ, ಅದು ಸುಳ್ಳು, ನನ್ನ ಮರ್ಯಾದೆ ಉಳಿಸಿಕೊಳ್ಳಲೆಂದು — ಆ ಸಾಬೂದಾಣಿಯನ್ನೇ ನಿನ್ನ ಡಬ್ಬಿಗೆ ತುಂಬಿ ಸುಮ್ಮನಾದೆ. ಮರುದಿನ ಅದನ್ನು ಸಿಂದಗಿಯ ಕಾಲೇಜಿಗೆ ಒಯ್ದೆ ನೀನು. ಬಣ್ಣದ ನೀರು ಕೆಂಪಾಗಿಯೇ ಉಳಿಯಿತು, 'ಮಣಿ'ಗಳು ಊದಿ ಲೊಳೆಯಾದವು. ಇನ್ನೊಮ್ಮೆ ಹೀಗಾದರೆ ವಿಷಯವನ್ನೇ ಬದಲಿಸು ಎಂದರಂತೆ ನಿನ್ನ ಸರ್.

"ನನ್ನ ಕೈಯಾಗ ಏನೂ ಆಗೂದಿಲ್ಲ ಬಿಡ್ರಿ ವೈನಿ" ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ನೀನು ಅತ್ತಾಗಲೂ ನಾನು ಬಾಯಿ ಬಿಡಲಿಲ್ಲ.

ನೀನು ಹಟಮಾರಿ, ಮತ್ತೆ ಮಣಿ ಮಾಡಿದೆ. ಗೆದ್ದೆ. ವರ್ಷಗಳ ಮೇಲೆ ನಿನ್ನೆ ನಾಲತವಾಡದಲ್ಲಿ ನೂಲಿಗೆ ಬಣ್ಣ ಹಾಕುವ ಶೆಡ್ಡಿನಲ್ಲಿ, ನಿನ್ನ ಮಣಿಗಳು ತುಂಬಿದ ಕೊಳವೆಯಿಂದ ತಿಳಿನೀರು ಬಂತಲ್ಲ — ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದೆ ನಾನು. ನೂಲು ಅದ್ದುವ ಮುದುಕಿಯೊಬ್ಬಳು ನಿನ್ನ ಕೆನ್ನೆ ಹಿಂಡಿದಳು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ! ಆಗ ನೀನು ನಗುತ್ತ ಎಲ್ಲರೆದುರು ಅಂದೆ: "ಮೊದಲ್ನೇ ಸಲ ನಾನ ಕೆಡಿಸಿದ್ನಿರಿ." ನನ್ನ ಕೈಗಳು ಅಲ್ಲೇ ನಿಂತವು.

ಭಾನುವಾರ ಊಟಕ್ಕೆ ಬಾ. ಮಾವನೆದುರೇ ಎಲ್ಲ ಹೇಳುತ್ತೇನೆ. ಅವರು ನಾಲ್ಕು ದಿನ ನನ್ನ ಕೈಯಡುಗೆ ಬೇಡವೆಂದರೂ ಸರಿ, ನೀನು ಬಿದ್ದು ಬಿದ್ದು ನಕ್ಕರೂ ಸರಿ, ಬೈದರೂ ಸರಿ. ಆದರೆ ಆ ಮೊದಲ ಸಲದ ಮಾತು ಬಂದಾಗ ಇನ್ನು ನಿನ್ನನ್ನು ನೀನು ಬೈದುಕೊಳ್ಳಬೇಡ, ನಂದಿನಿ. ನನ್ನ ಹೆಸರು ಹೇಳು.