ಅಪ್ಪನ ಸಿ.ಡಿ.ಗೆ ಇಟ್ಟ ಕುಂಕುಮ

ಮುಳಬಾಗಿಲಿನಲ್ಲಿ ಚರಿತ್ರೆಯ ಮೇಷ್ಟರಾಗಿದ್ದ ಅಪ್ಪ, ನಿವೃತ್ತಿಯ ನಂತರ ಸನ್ನತಿಗೆ ಹೋಗಿ ಬೌದ್ಧ ಸ್ತೂಪದ ಕೆತ್ತನೆಗಳ ಫೋಟೋ ತೆಗೆದು ತಂದರು. ತಮ್ಮದೇ ದನಿಯಲ್ಲಿ ವಿವರಣೆ ಸೇರಿಸಿ ಸ್ಟುಡಿಯೋದಲ್ಲಿ ಒಂದೇ ಒಂದು ಸಿ.ಡಿ. ಮಾಡಿಸಿದರು. ಅವರು ತೀರಿಕೊಂಡ ಮೇಲೆ, ಮಾಲೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಭಾನುವಾರಗಳಂದು ಬೀದಿಯ ಮಕ್ಕಳಿಗೆ ಅದನ್ನು ತೋರಿಸುತ್ತಿದ್ದೆ. “ನೋಡ್ರಪ್ಪಾ, ಈ ಕಲ್ಲಲ್ಲಿ ಬುದ್ಧ ಕಾಣಲ್ಲ, ಬರೀ ಪಾದ ಇದೆ,” ಎಂದು ಹೇಳಿ ಸಿ.ಡಿ.ಯೊಳಗಿನ ಅಪ್ಪ ಸಣ್ಣಗೆ ಕೆಮ್ಮುತ್ತಿದ್ದರು.

ಆಯುಧಪೂಜೆಯ ದಿನ ಕತ್ತರಿ, ಮಿಕ್ಸಿ, ಕಂಪ್ಯೂಟರು ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟೆ. “ನಿಮ್ಮಪ್ಪನ ವಿದ್ಯೆ ಕಣಮ್ಮಾ ಅದು, ಅದಕ್ಕೂ ಇಡು,” ಎಂದು ಅತ್ತೆ ಸಿ.ಡಿ. ತೋರಿಸಿದರು. ಹೊಳೆಯುವ ಮಗ್ಗುಲೇ ಮುಖವೆಂದುಕೊಂಡು ಅಲ್ಲಿ ಇಟ್ಟೆ. ಮರುದಿನ, ಒಣಗಿದ ಅರಿಶಿನ ಬಟ್ಟೆಯಿಂದ ಒರೆಸಿದರೂ ಹೋಗದಿದ್ದಾಗ ಪಾತ್ರೆಯ ನಾರಿನಿಂದ ಉಜ್ಜಿಬಿಟ್ಟೆ.

ಭಾನುವಾರ ಕಂಪ್ಯೂಟರು ಗರಗರ ಎಂದು ಸುಮ್ಮನಾಯಿತು. ಸಿ.ಡಿ. ಹಾಕಿ ಎಂಬ ಇಂಗ್ಲಿಷ್ ಸಾಲು ಮೂಡಿತು. ಸಿ.ಡಿ. ಒಳಗೇ ಇತ್ತು.

“ಆಂಟೀ, ತಾತ ಇವತ್ತು ಮಾತಾಡಲ್ವಾ?” ಎಂದಳು ಎದುರುಮನೆಯ ಹುಡುಗಿ.

“ನಾನೇ ಹೇಳ್ತೀನಿ, ಕೂತ್ಕೋ ಪುಟ್ಟಾ.”

ಕಲ್ಲುಗಳ ಬಗ್ಗೆ ಅಪ್ಪ ಹೇಳಿದ್ದೆಲ್ಲ ಒಂದಕ್ಷರ ತಪ್ಪದೆ ಹೇಳಿದೆ. ಮಕ್ಕಳು ಅರ್ಧಕ್ಕೇ ಎದ್ದು ಆಡಲು ಹೋದರು. ಅತ್ತೆ ನನ್ನ ಪಕ್ಕದಲ್ಲಿ ಬಂದು ಕುಳಿತರು.