ಚಳಿಗಾಲಕ್ಕೆ ಕಡಲಿಗೆ ಹೋಗುತ್ತಿದ್ದ ಕಾಕು

ಹೋದ ವಾರ ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಿರಾಣಿ ಅಂಗಡಿಯೊಂದರ ಮುಂದೆ ನಿಂತಿದ್ದೆ. ಪಕ್ಕದಲ್ಲೊಂದು ಗೋಣಿಚೀಲ ಬಾಯಿ ತೆರೆದುಕೊಂಡಿತ್ತು. ಒಳಗೆ ಕರಾವಳಿಯಿಂದ ಬಂದ ಒಣಗಿದ ಕೋಕಂ, ಕಪ್ಪಗೆ, ಮೆತ್ತಗೆ. ಅದರ ಹುಳಿ ವಾಸನೆ ಮೂಗಿಗೆ ಬಡಿದದ್ದೇ ಖಾನಾಪುರದ ಒಂದು ಅಡುಗೆಮನೆ ನೆನಪಾಯಿತು. ಆ ಮನೆಯಲ್ಲಿ ಇದ್ದಕ್ಕಿದ್ದಂತೆ ಸಾರಿಗೆ ಹುಣಸೆಹಣ್ಣು ನಿಂತು ಕೋಕಂ ಬೀಳತೊಡಗಿತ್ತು. ಯಾಕೆಂದು ಓಣಿಗೆಲ್ಲ ಗೊತ್ತಿತ್ತು. ಎದುರಿಗೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ…

ಆ ಅಡುಗೆಮನೆ ನನ್ನ ಮನೆಯೊಡತಿಯದು. ತಾಲೂಕು ಕಚೇರಿಯಲ್ಲಿ ನೌಕರಿಗೆ ಸೇರಿದ ಹೊಸತರಲ್ಲಿ ಅವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಆಮೇಲೆ ಸಂಜೆಯವರೆಗೂ ಹೊಲಿಗೆ. ಸುತ್ತಲಿನ ಹೆಂಗಸರೆಲ್ಲ ಜಂಪರು ಹೊಲಿಸಲು ಅವರಲ್ಲಿಗೇ ಬರುತ್ತಿದ್ದರು. ಹಿಂದಿನ ಭಾಗದಲ್ಲಿ ಮೈದುನನ ಸಂಸಾರ. ಆತನಿಗೆ ಪೇಟೆಯಲ್ಲಿ ಅಂಗಡಿ ಇತ್ತು. ಮನೆಯ ಎಲ್ಲ ವಿಷಯಗಳಲ್ಲೂ ಕೊನೆಯ ಮಾತು ತನ್ನದೇ ಎಂದು ಆತ ತಿಳಿದಿದ್ದ.

ಒಂದು ದಿನ ಕಾಕು ಸೂಜಿಗೆ ದಾರ ಪೋಣಿಸುತ್ತ ಕೇಳಿದರು. “ಸಮುದ್ರದ ಬಾಜೂಕ ಕಾಡಿನಾಗ ಫಾರೆಸ್ಟಿನವ್ರದು ಒಂದ ಕ್ಯಾಂಪ್ ಐತಂತಲ್ಲ. ನಿಮ್ಮಂಥಾ ಸರಕಾರದವ್ರಿಗೆ ಖೋಲಿ ಲಗೂನ ಸಿಗ್ತಾವಂತ, ಖರೇನ?”

“ಸಿಗ್ತಾವ್ರಿ. ಯಾಕ್ರಿ ಕಾಕು?”

“ಹೋಗೂಣು. ನಾ ಒಬ್ಬಾಕೀನ ಹೋದ್ರ ಮಂದಿ ಏನರ ಅಂತಾರ. ನೀನೂ ಬಾ.”

ಹವಾ ಬದಲಾವಣೆ ಬೇಕೇನೋ ಎಂದುಕೊಂಡು ಕೋಣೆ ಕಾದಿರಿಸಿದೆ. ಬಸ್ಸು ಘಟ್ಟ ಇಳಿದು ಸೆಕೆ ಶುರುವಾದಾಗ ಕಾಕು ತಾವಾಗಿಯೇ ಹೇಳಿದರು. ಕ್ಯಾಂಪ್ ನೋಡಿಕೊಳ್ಳುತ್ತಿದ್ದವರು ಅವರ ಗಂಡನ ಗೆಳೆಯರು. ಮೂಲತಃ ಖಾನಾಪುರದವರೇ, ಜೈನರ ಮನೆತನ. ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಲೂ ಅಲ್ಲಿಯೇ ಉಳಿದಿದ್ದರು. ಹೆಂಡತಿ ತೀರಿಕೊಂಡಿದ್ದರು. ನಂದಗಡದ ಒಂದು ಮದುವೆಯಲ್ಲಿ ಇವರಿಬ್ಬರೂ ಬಹಳ ವರ್ಷಗಳ ನಂತರ ಭೇಟಿಯಾಗಿದ್ದರು. ಆಮೇಲೆ ಆಗಾಗ ಫೋನು. ಈಚೆಗೆ ಆ ಗೆಳೆಯರು ನೇರವಾಗಿಯೇ ಕೇಳಿದ್ದರಂತೆ, ಲಗ್ನವಾಗೋಣವೇ ಎಂದು.

“ನೀವೇನ ಅಂದ್ರಿ ಕಾಕು?” ಎಂದೆ.

“ಹೂಂ ಅನ್ನೂಕಿಂತ ಮೊದಲ ಆ ಮನಷ್ಯಾ ಹೆಂಗ ಇರ್ತಾನ ನೋಡಬೇಕಲ್ಲ? ಮೊದಲಿನ ಲಗ್ನದಾಗ ನನ್ನ ನೋಡಾಕ ಬಂದಿದ್ರು. ಈಗ ನಾ ನೋಡಾಕ ಹೊಂಟೇನಿ.” ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.

ರಾಷ್ಟ್ರೀಯ ಉದ್ಯಾನದ ಗೇಟು ದಾಟಿ ಮಣ್ಣಿನ ದಾರಿಯಲ್ಲಿ ನಡೆದರೆ ಗಾಳಿಮರಗಳ ಕೆಳಗೆ ಕಟ್ಟಿಗೆಯ ಸಣ್ಣ ಸಣ್ಣ ಕೋಣೆಗಳು. ಎದುರಿಗೇ ಕಡಲು. ದಂಡೆಯ ಮೇಲೆ ಆಮೆಗಳು ಮೊಟ್ಟೆ ಇಡುವುದರಿಂದ ಹೊತ್ತು ಮುಳುಗಿದ ಮೇಲೆ ಆ ಕಡೆಗೆ ದೀಪ ಹಚ್ಚುವಂತಿರಲಿಲ್ಲ. “ಬರ್ರಿ ವೈನಿ, ಬಸ್ ತಡಾ ಆತೇನು?” ಎನ್ನುತ್ತ ಎದುರು ಬಂದವರು ತೆಳ್ಳಗಿನ ಮನುಷ್ಯ. ಗೆಳೆಯನ ಹೆಂಡತಿಯೆಂದರೆ ಅತ್ತಿಗೆ, ಮೊದಲಿನಿಂದಲೂ ಅವರು ಹಾಗೆಯೇ ಕರೆಯುತ್ತಿದ್ದರು.

ಕಾಕು ಕಡಲನ್ನು ನೋಡಿದ್ದಕ್ಕಿಂತ ಅಡುಗೆಮನೆಯನ್ನೇ ಹೆಚ್ಚು ನೋಡಿದರು. ನೀರಿನ ಕೊಡಗಳ ಮುಚ್ಚಳ ಎತ್ತಿ ನೋಡಿದರು. ಅಡುಗೆಯವನ ಜೊತೆ ಆ ಮನುಷ್ಯ ಹೇಗೆ ಮಾತಾಡುತ್ತಾರೆ ಎಂದು ಕಿವಿಗೊಟ್ಟರು. ಜೈನರ ಪದ್ಧತಿಯಂತೆ ಅವರು ಬೆಳಕಿರುವಾಗಲೇ ಉಂಡು ತಮ್ಮ ತಾಟನ್ನು ತಾವೇ ತೊಳೆದಿಟ್ಟದ್ದನ್ನೂ ಗಮನಿಸಿದರು. ಅವರ ಕೋಣೆಯ ಗೋಡೆಯ ಮೇಲೆ ತೀರಿಹೋದ ಹೆಂಡತಿಯ ಫೋಟೋ ಇತ್ತು, ಅದಕ್ಕೊಂದು ತಾಜಾ ಹೂವು. ಕಾಕು ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. “ದಿನಾ ಹಾಕ್ತಾರ ಅನಸ್ತೈತಿ” ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಅದು ಅವರಿಗೆ ಹಿತವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಆಮೆಯ ಮರಿಗಳನ್ನು ನೀರಿಗೆ ಬಿಡುವುದಿತ್ತು. ಬುಟ್ಟಿಯಿಂದ ಮರಳಿಗೆ ಇಳಿಸಿದ ಮರಿಗಳು ತೆವಳಿಕೊಂಡು ಹೊರಟವು. ಅಷ್ಟರಲ್ಲಿ ಕಾಗೆಗಳ ಹಿಂಡು ಬಂತು. ಆ ಮನುಷ್ಯ ಒಂದು ಕಡೆ ಓಡಿದರೆ ಕಾಗೆಗಳು ಇನ್ನೊಂದು ಕಡೆ ಇಳಿಯುತ್ತಿದ್ದವು. ಕಾಕು ನೋಡುವಷ್ಟು ನೋಡಿ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಸೆರಗು ಬೀಸುತ್ತ “ಹೋಶ್! ಹೋಶ್!” ಎಂದು ದಂಡೆಯುದ್ದಕ್ಕೂ ಓಡಿದರು. ಕೊನೆಯ ಮರಿ ನೀರಿಗೆ ಸೇರಿದ ಮೇಲೆ ಏದುಸಿರು ಬಿಡುತ್ತ ಮರಳಿನಲ್ಲೇ ಕುಳಿತು ಗಟ್ಟಿಯಾಗಿ ನಕ್ಕರು. ಅವರ ನಗುವಿನ ದನಿ ನಾನು ಕೇಳಿದ್ದು ಅದೇ ಮೊದಲು.

ಚಹಾದ ನಂತರ ಮೂವರೂ ಮೆಟ್ಟಿಲ ಮೇಲೆ ಕುಳಿತಿದ್ದೆವು. ನಾನು ಏಳಲು ಹೋದೆ, ಕಾಕು ಕೈ ಹಿಡಿದು ಕೂರಿಸಿದರು.

“ಏನ್ ವಿಚಾರ ಮಾಡಿದ್ರಿ ವೈನಿ?” ಎಂದರು ಅವರು.

“ಮೊದಲ ವೈನಿ ಅನ್ನೂದ ಬಿಡ್ರಿ.” ಅವರು ತಲೆ ತಗ್ಗಿಸಿದರು. ಕಾಕು ಮುಂದುವರಿಸಿದರು. “ನಾ ಖಾನಾಪುರದ ಮನಿ ಬಿಡಂಗಿಲ್ಲ. ಬಿಟ್ಟೆ ಅಂದ್ರ ಮರುದಿನಾನ ನಮ್ಮ ಮೈದುನ ಕೀಲಿ ಹಾಕ್ತಾನ. ನೀವು ಅಲ್ಲಿಗೆ ಬರ್ತೀರೇನು?”

“ಇಲ್ರಿ. ಊರಾಗ ನಂದೇನೂ ಉಳದಿಲ್ಲ. ಬರ್ತೀನಿ ಅಂತ ಸುಳ್ಳ ಹೇಳಿ ನಿಮ್ಮನ್ನ ಒಪ್ಪಸಂಗಿಲ್ಲ ನಾ.”

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಕಾಕು ಏಳಲಿಲ್ಲ. ಪಾದಕ್ಕೆ ಅಂಟಿದ್ದ ಮರಳನ್ನು ನಿಧಾನವಾಗಿ ಝಾಡಿಸಿಕೊಂಡರು.

“ಥಂಡಿ ದಿನದಾಗ ಇಲ್ಲಿ ಮಂದಿ ಭಾಳ ಬರ್ತಾರೇನು?”

“ಭಾಳ ಬರ್ತಾರ. ಕೈ ಸಾಲಂಗಿಲ್ಲ.”

“ಹಂಗಾರ ದೀಪಾವಳಿ ಮುಗಿಸಿ ಬರ್ತೀನಿ. ಯುಗಾದಿಗೆ ತಿರುಗಿ ಹೋಗ್ತೀನಿ.”

“ಮತ್ತ… ಲಗ್ನ?”

“ಅದನ್ನ ಆಮ್ಯಾಲ ನೋಡೂಣು.”

ಆ ‘ಆಮ್ಯಾಲ’ ಬರಲಿಲ್ಲ. ಅವರು ಲಗ್ನವಾಗಲೇ ಇಲ್ಲ. ಆದರೆ ಆ ವರ್ಷ ದೀಪಾವಳಿ ಮುಗಿದದ್ದೇ ಕಾಕು ಹೊಲಿಗೆಯ ಕೈಮಷಿನ್ನನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟು ನಿಂತರು. ಮೈದುನ ಅಂಗಡಿ ಬಿಟ್ಟು ಓಡಿಬಂದ. “ಈ ವಯಸ್ಸಿನಾಗ ಇದೇನ್ರಿ ವೈನಿ? ನಾವು ಪ್ಯಾಟ್ಯಾಗ ಮಾರಿ ಎತ್ತಿ ಅಡ್ಡಾಡೂದು ಬ್ಯಾಡೇನು?” ಕಾಕು ಜಗಳಕ್ಕೆ ನಿಲ್ಲಲಿಲ್ಲ. “ಬಾಡಿಗಿ ಹುಡುಗಿ ಮನ್ಯಾಗ ಇರ್ತಾಳ. ನಾ ಯುಗಾದಿಗೆ ಬರ್ತೀನಿ” ಎಂದು ಹೊರಟೇಬಿಟ್ಟರು. ಮುಂದೆ ಪ್ರತಿವರ್ಷವೂ ಹಾಗೆಯೇ. ಕ್ಯಾಂಪಿನ ಸೊಳ್ಳೆಪರದೆ, ದಿಂಬಿನ ಚೀಲ ಹೊಲಿಯುತ್ತ, ಅಡುಗೆಮನೆ ನೋಡಿಕೊಳ್ಳುತ್ತ ಅಲ್ಲಿ ಇರುತ್ತಿದ್ದರು. ಬರುವಾಗ ಕೋಕಂ ತರುತ್ತಿದ್ದರು.

ಊರು ಇದನ್ನು ಸುಮ್ಮನೆ ಬಿಡಲಿಲ್ಲ. ಕೆಲವರು ಜಂಪರು ಹೊಲಿಸುವುದನ್ನು ನಿಲ್ಲಿಸಿದರು. ಬೇರೆಯವರ ಹೊಲಿಗೆ ಸರಿಬಾರದೆ ಮತ್ತೆ ಬಂದರು, ಆದರೆ ಹೊಸಿಲ ಆಚೆಯೇ ನಿಂತು ಬಟ್ಟೆ ಕೊಟ್ಟು ಹೋಗುತ್ತಿದ್ದರು. ಮೈದುನನ ಮಗಳು ಇವರ ತೊಡೆಯ ಮೇಲೆಯೇ ಬೆಳೆದವಳು. ಅವಳ ಮದುವೆಯ ಜಂಪರುಗಳನ್ನೆಲ್ಲ ಕಾಕುವೇ ಹೊಲಿದುಕೊಟ್ಟರು. ಮದುವೆಗೆ ಮಾತ್ರ ಕರೆಯಲಿಲ್ಲ. ಅಕ್ಕಿಕಾಳು ಹಾಕಿ ನಾನು ಮನೆಗೆ ಬಂದಾಗ ಅವರು ಮಷಿನ್ನಿನ ಮುಂದೆಯೇ ಕುಳಿತಿದ್ದರು.

“ತೋಳು ಬಿಗಿ ಆಗಿರಲಿಲ್ಲಲ್ಲ ಆಕಿಗೆ?” ಎಂದು ಕೇಳಿದರು.

“ಇಲ್ರಿ ಕಾಕು. ಭಾಳ ಚಂದ ಕುಂತಿತ್ತು.”

“ಆತು ಹಂಗಾರ” ಎಂದು ಕೈಯಲ್ಲಿದ್ದ ಬಟ್ಟೆಗೆ ಮರಳಿದರು.

ಆಮೇಲೆ ನನಗೆ ಬೆಳಗಾವಿಗೆ ವರ್ಗವಾಯಿತು. ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ನಂತರ ಹಬ್ಬಕ್ಕೊಂದು ಫೋನು… ಆಮೇಲೆ ಅದೂ ಇಲ್ಲ.

ಅಂಗಡಿಯಿಂದ ಮನೆಗೆ ಬಂದ ಸಂಜೆ ಕಾಕುವಿನ ನಂಬರಿಗೆ ಫೋನು ಮಾಡಿದೆ. ಎತ್ತಿದವನು ಮೈದುನನ ಮಗ. “ದೊಡ್ಡವ್ವ ಶ್ರಾವಣದಾಗ ತೀರಕೊಂಡ್ರಲ್ರಿ. ಜ್ವರ ಬಂದಿತ್ತು. ನಿಮಗ ಗೊತ್ತಾಗಲಿಲ್ಲೇನು?”

ನಾನು ಕೇಳಿದೆ. “ಕ್ಯಾಂಪಿನವ್ರಿಗೆ ತಿಳಿಸೀರೇನು?”

“ಯಾವ ಕ್ಯಾಂಪು?” ಎಂದ. ಯಾವ ಕ್ಯಾಂಪೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅಲ್ಲಿಗೆ ಫೋನು ಮಾಡಿದೆ. ಕ್ಯಾಂಪಿನ ಆ ಹಿರಿಯರ ದನಿ ಸಣ್ಣದಾಗಿತ್ತು. ಆದರೂ ನನ್ನ ಗುರುತು ಹಿಡಿದರು. ನಾನು ಬಾಯಿ ತೆರೆಯುವ ಮುಂಚೆ ಅವರೇ ಕೇಳಿದರು: “ದೀಪಾವಳಿ ಆತಲ್ರಿ, ಅವ್ರು ಯಾವಾಗ ಹೊಂಡ್ತಾರಂತ? ಭಾಳ ದಿನಾ ಆತು, ಫೋನ್ ಹಚ್ಚಿದ್ರ ಎತ್ತವಲ್ರು. ಹೋದ ಸಲ ಹೋಗೂ ಮುಂದ ನಾ ಒಂದ ಮಾತು ಅಂದಿದ್ದೆ. ಸಿಟ್ಟಾಗ್ಯಾರೇನು?”

ಸಿಟ್ಟಾಗಿಲ್ಲ ಎಂದು ಮೊದಲು ಹೇಳಿದೆ. ಆಮೇಲೆ ಉಳಿದದ್ದನ್ನು ಹೇಳಿದೆ.

ಆ ಕಡೆಯಿಂದ ಅಲೆಗಳ ಸದ್ದು ಮಾತ್ರ ಕೇಳುತ್ತಿತ್ತು… ಫೋನು ಕೆಳಗಿಟ್ಟು ಹೋದರೋ ಏನೋ ಎಂದುಕೊಳ್ಳುವಷ್ಟರಲ್ಲಿ ಅವರು ಮೆಲ್ಲಗೆ ಕೇಳಿದರು. “ಶ್ರಾವಣದಾಗ ಯಾವತ್ತ?”

ನಾನು ಅದನ್ನು ಕೇಳಿಕೊಂಡಿರಲಿಲ್ಲ.

“ಅದೊಂದು ಕೇಳಿ ಹೇಳ್ತೀರೇನ್ರಿ? ನಾ ಕೇಳಿದ್ರ ಅವ್ರ ಮನ್ಯಾಗ ಹೇಳಂಗಿಲ್ಲ.”

ಅದು ಫೋನಿನಲ್ಲಿ ಕೇಳುವ ಮಾತಲ್ಲ, ನಾಳೆ ರಜೆ ಹಾಕಿದ್ದೇನೆ. ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಹೋಗಬೇಕು.